ತುಟಿ ಅಲುಗಿದ್ದಕ್ಕೆ

ನನ್ನ ಸೊಸೆ ಕುಂದುಜ್‌ಳನ್ನು ಒಂದು ಕಂಪ್ಯೂಟರ್ ಕಳ್ಳಿ ಅಂದಿತು. ಅಂದದ್ದು ಯಂತ್ರವಾದರೂ ಅದನ್ನು ನಂಬಿದವರು ಮನುಷ್ಯರು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಕಿರ್ಗಿಜ್ ನಾಡಿನ ನಮ್ಮೂರು ಅತ್-ಬಾಶಿಯ ಶಿಶುವಿಹಾರದಲ್ಲಿ ಅವಳು ಬಹಳ ವರ್ಷಗಳಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ. ಡಿಪ್ಲೊಮಾ ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಮೇಲಿನವರು ಹೇಳಿದ ಮೇಲೆ ರಾಜಧಾನಿ ಬಿಷ್ಕೆಕ್‌ನ ಒಂದು ಶಿಕ್ಷಕರ ಕಾಲೇಜಿಗೆ ಮನೆಯಿಂದಲೇ ಓದಲು ಸೇರಿದಳು. ಪಾಠ ರಷ್ಯನ್ನಿನಲ್ಲಿ, ಪರೀಕ್ಷೆಯೂ ರಷ್ಯನ್ನಿನಲ್ಲಿ. ಅವಳು ಕಲಿತದ್ದು ಊರಿನ ಕಿರ್ಗಿಜ್ ಶಾಲೆಯಲ್ಲಿ. ಅಲ್ಲಿ ಅವಳಿಗೆ ಭೂಗೋಳ ಹೇಳಿಕೊಟ್ಟವಳು ನಾನೇ. ರಷ್ಯನ್ ಪ್ರಶ್ನೆ ಕಂಡರೆ ಮೊದಲು ಪಿಸುಗುಟ್ಟಿ ಓದಿಕೊಂಡು, ನಮ್ಮ ಮಾತಿಗೆ ತಿರುಗಿಸಿಕೊಂಡು, ಆಮೇಲೆ ಉತ್ತರ ಯೋಚಿಸುತ್ತಾಳೆ. ನಮ್ಮ ಕಡೆ ಎಷ್ಟೋ ಮಂದಿ ಓದುವುದೇ ಹಾಗೆ.

ಮಕ್ಕಳ ಮನಶ್ಶಾಸ್ತ್ರದ ಪರೀಕ್ಷೆಯ ದಿನ ನಾನು ಮೊಮ್ಮಗಳನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಕೋಣೆಯಲ್ಲಿ ಅವಳೊಬ್ಬಳೇ ಇರಬೇಕು, ಕ್ಯಾಮೆರಾ ನೋಡುತ್ತಿರುತ್ತದೆ, ಅದರ ಹಿಂದೆ ಕೂತ ಪ್ರೋಗ್ರಾಮು ಅವಳ ಕಣ್ಣು, ತಲೆ, ಬಾಯಿ ಎಲ್ಲವನ್ನೂ ಗಮನಿಸುತ್ತಿರುತ್ತದೆ ಎಂದು ನಿಯಮ. ಮುಗಿಸಿ ಹೊರಬಂದಾಗ ಅವಳ ಮುಖ ಅರಳಿತ್ತು. "ಎಲ್ಲಾ ಗೊತ್ತಿದ್ದದ್ದೇ ಬಂತು, ಅಪಾ" ಅಂದಳು. ನಮ್ಮಲ್ಲಿ ಸೊಸೆ ಅತ್ತೆಯನ್ನೂ ಅಮ್ಮ ಎಂದೇ ಕರೆಯುವುದು.

ಮುಂದಿನ ವಾರ ಫಲಿತಾಂಶ ಬಂತು: ಸೊನ್ನೆ. ಕೆಳಗೊಂದು ಸಾಲು: 'ಪರೀಕ್ಷಾರ್ಥಿ ಬೇರೊಬ್ಬರೊಂದಿಗೆ ಮಾತನಾಡಿದ್ದಾರೆ. ಅನುಮಾನ, ನೂರಕ್ಕೆ ತೊಂಬತ್ತೊಂದು.'

ಕುಂದುಜ್ ಅಳಲಿಲ್ಲ. ರೊಟ್ಟಿಗೆ ಹಿಟ್ಟು ನಾದುತ್ತಿದ್ದವಳು ಬೇಕಾದ್ದಕ್ಕಿಂತ ಬಹಳ ಹೊತ್ತು ನಾದುತ್ತಲೇ ಇದ್ದಳು.

"ಹೋಗ್ಲಿ ಬಿಡು. ಮುಂದಿನ ಸಲ ಬಾಯಿ ಮುಚ್ಕೊಂಡು ಬರಿ" ಅಂದ ನನ್ನ ಮಗ ಬಕಿತ್.

"ಮೊದ್ಲು ನೀನು ಬಾಯಿ ಮುಚ್ಕೋ" ಅಂದೆ. "ನಿನ್ ಹೆಂಡ್ತೀನ ಕಳ್ಳಿ ಅಂದಿದಾರೆ ಕಣೋ. ನಾಳೆ ಮಕ್ಕಳನ್ನ ಬಿಡೋಕೆ ಬರೋ ತಾಯಂದ್ರು ಅವಳ ಮುಖ ಹೆಂಗೆ ನೋಡ್ತಾರೆ?"

ದೊಲೊನ್ ಕಣಿವೆ ದಾಟಿ ಹೋಗುವ ಬಾಡಿಗೆ ಕಾರಿನಲ್ಲಿ ನಾನೂ ಕುಂದುಜ್‌ಳೂ ಬಿಷ್ಕೆಕ್‌ಗೆ ಹೊರಟೆವು. ದಾರಿಯುದ್ದಕ್ಕೂ ಕುಂದುಜ್‌ದು ಒಂದೇ ವರಾತ. "ಅಪಾ, ಅಲ್ಲಿ ಜಗಳ ಆಡ್ಬೇಡಿ."

"ಜಗಳ ಯಾಕಾಡ್ಲಿ? ಕೇಳ್ತೀನಿ ಅಷ್ಟೆ."

"ನೀವು ಕೇಳೋದೇ ಜಗಳದ ಥರ ಇರುತ್ತೆ."

ಕಾಲೇಜಿನ ಉಪಡೀನ್ ಎರ್ಕಿನ್ ಜುಮಾಯೆವಿಚ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದರು. ನಮಗೆ ಚಹಾ ತರಿಸಿದರು, ಮರ್ಯಾದಸ್ಥರೇ. ಆಮೇಲೆ ಪರೀಕ್ಷೆಯ ವಿಡಿಯೋ ತೋರಿಸಿದರು. ಸದ್ದಿಲ್ಲದ ಚಿತ್ರ. ಕುಂದುಜ್‌ಳ ಬಾಯಿಯ ಸುತ್ತ ಒಂದು ಕೆಂಪು ಚೌಕ. ತುಟಿ ಅಲುಗಿದಾಗಲೆಲ್ಲ ಅದು ಮಿನುಗುತ್ತಿತ್ತು.

"ನೋಡಿದ್ರಲ್ಲ?" ಅಂದರು.

"ನೋಡಿದೆ. ಸದ್ದು ಹಾಕಿ."

"ಅದರ ಅಗತ್ಯ ಇಲ್ಲ, ಏಜೆ. ಪ್ರೋಗ್ರಾಮು ತೀರ್ಮಾನ ಕೊಟ್ಟಾಗಿದೆ" ಅಂದರು. ಏಜೆ ಅಂದರೆ ನಮ್ಮಲ್ಲಿ ಅಕ್ಕ.

"ಸದ್ದು ಇದೆಯೋ ಇಲ್ವೋ?"

"ಇದೆ, ಆದ್ರೆ ನಾವ್ಯಾರೂ ಅದನ್ನ..."

"ಹಾಕಿ ಅಂದೆ."

ಹಾಕಿದರು. ಮೊದಲು ಗರಗರ ಸದ್ದು. ಆಮೇಲೆ ನನ್ನ ಸೊಸೆಯ ಪಿಸುದನಿ. ರಷ್ಯನ್ ಪ್ರಶ್ನೆಯನ್ನು ಎಡವುತ್ತಾ ಓದಿಕೊಂಡು, ನಂತರ ನಮ್ಮ ಮಾತಿನಲ್ಲಿ: "ಹೊಸ ಜಾಗಕ್ಕೆ ಬಂದ ಮಗು ಮಾತಾಡೋದನ್ನೇ ನಿಲ್ಸುತ್ತೆ... ಅಂದ್ರೆ ನಮ್ಮ ಶಿಶುವಿಹಾರದ ಸೆಜಿಮ್ ಥರ. ಬಂದ ಹೊಸದ್ರಲ್ಲಿ ಉಸಿರೇ ಬಿಡ್ತಿರ್ಲಿಲ್ಲ ಪಾಪ. ಬಲವಂತ ಮಾಡ್ಬಾರ್ದು. ಸುಮ್ನೆ ಪಕ್ಕ ಕೂತ್ಕೋಬೇಕು. ಹಾಗಾದ್ರೆ ಮೂರನೇ ಉತ್ತರ."

ಎರ್ಕಿನ್ ಜುಮಾಯೆವಿಚ್ ಕೂಡ ಕಿರ್ಗಿಜರೇ. ಒಂದೊಂದು ಮಾತೂ ಅವರಿಗೆ ಅರ್ಥವಾಯಿತು. ಕತ್ತು ಕೆಂಪಾಯಿತು.

"ಇವಳು ಯಾರ ಹತ್ರ ಮಾತಾಡ್ತಿದಾಳೆ?" ಅಂದೆ.

"ತನ್ನಷ್ಟಕ್ಕೆ... ಆದ್ರೆ ಆ ವ್ಯತ್ಯಾಸ ಪ್ರೋಗ್ರಾಮಿಗೆ ಗೊತ್ತಾಗಲ್ಲ, ಏಜೆ."

"ಅದಕ್ಕೆ ಗೊತ್ತಾಗಲ್ಲ, ಸರಿ. ನಿಮಗೆ ಕಿವಿ ಇದೆಯಲ್ಲಪ್ಪಾ! ಗೊತ್ತು ಮಾಡ್ಕೊಳ್ಳೋಕೆ ತಾನೆ ನಿಮ್ಮನ್ನ ಈ ಕುರ್ಚೀಲಿ ಕೂರ್ಸಿರೋದು? ಕೇಳಿಸ್ಕೊಳ್ಳದೇನೇ ಒಬ್ಬಳ ಹಣೆಗೆ ಕಳ್ಳಿ ಅಂತ ಬರೆದುಬಿಟ್ರಾ?"

ಅವರು ನೀರು ಕುಡಿದರು. "ಒಂದು ಕೆಲಸ ಮಾಡೋಣ. ಮತ್ತೊಂದ್ಸಲ ಬರೀಲಿ, ಸದ್ದಿಲ್ದೆ. ಹಳೇದನ್ನ ಅಳಿಸಿಬಿಡ್ತೀವಿ."

ಅಲ್ಲಿಯವರೆಗೆ ತಲೆತಗ್ಗಿಸಿ ಕೂತಿದ್ದ ಕುಂದುಜ್ ಆಗ ಬಾಯಿಬಿಟ್ಟಳು. "ನಾನು ಮತ್ತೆ ಬರೆಯಲ್ಲ, ಬಾಯ್ಕೆ" ಅಂದಳು, ಅಣ್ಣಾ ಅನ್ನುವ ಹಾಗೆ. "ಬರೆದಿದ್ದೀನಲ್ಲ, ಅದನ್ನೇ ನೋಡಿ. ತಪ್ಪಿದ್ರೆ ತಪ್ಪು ಅನ್ನಿ. ಮೋಸ ಅನ್ನಬೇಡಿ."

"ಇಂಥದ್ದು ನಿಮ್ಮದೊಂದೇ ಅಲ್ಲ, ತಂಗಿ. ಹಳ್ಳಿ ಕಡೆಯವರದ್ದು ರಾಶಿ ಇದೆ. ಎಲ್ಲರೂ ಹೀಗೇ ಬಂದು ಕೂತ್ರೆ ನಾನೇನು ಮಾಡ್ಲಿ?"

ಆ ಮಾತನ್ನು ಅವರು ಆಡಬಾರದಿತ್ತು. ಕುಂದುಜ್ ಅವರನ್ನೇ ನೋಡಿದಳು. ಅವಳ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಮೊದಲ ಸಲ ಕಂಡೆ.

ಸಂಜೆಯವರೆಗೂ ಮೊಗಸಾಲೆಯ ಬೆಂಚು ಬಿಟ್ಟು ಏಳಲಿಲ್ಲ ನಾವು. ಬಾಗಿಲು ಹಾಕುವ ಹೊತ್ತಿಗೆ ಅವಳ ಉತ್ತರಗಳನ್ನು ತಿದ್ದಿಸಿ ತಂದರು: ಐದಕ್ಕೆ ನಾಲ್ಕು. ಸೊನ್ನೆಗೆ ಕಾರಣ 'ತಾಂತ್ರಿಕ ದೋಷ' ಅಂತೆ. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಊರಿಗೆ ಬಂದವಳೇ ಕುಂದುಜ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ತಲಾಸ್‌ನಿಂದ, ಬತ್ಕೆನ್‌ನಿಂದ, ಜುಮ್ಗಾಲ್‌ನಿಂದ ಫೋನುಗಳು ಬಂದವು. ಎಲ್ಲರೂ ಕಿರ್ಗಿಜ್ ಶಾಲೆಯಲ್ಲಿ ಕಲಿತವರು, ಪಿಸುಗುಟ್ಟಿ ಓದಿ ಸೊನ್ನೆ ಪಡೆದವರು. ತಮ್ಮದೇ ತಪ್ಪಿರಬೇಕು ಎಂದು ನಾಚಿಕೊಂಡು ಸುಮ್ಮನಿದ್ದವರು. ಜುಮ್ಗಾಲ್‌ನ ಬುರುಲ್ ಎಂಬ ಹುಡುಗಿ ಓದನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಕಾಲೇಜಿನಿಂದ ಹೊಸ ನಿಯಮ ಬಂತು: ಪರೀಕ್ಷೆಯ ವೇಳೆ ತುಟಿ ಅಲುಗಿಸಬಾರದು.

"ಉಸಿರಾಡಬಹುದಾ ಅಂತ ಕೇಳು" ಅಂದೆ ನಾನು. ಕುಂದುಜ್ ನಗಲಿಲ್ಲ. ಮತ್ತೆ ಫೋನು ಹಿಡಿದು ಕೂತಳು.

ಮುಂದಿನ ಪರೀಕ್ಷೆಯ ದಿನ ಅವಳು ಪಿಸುಗುಟ್ಟಲಿಲ್ಲ. ಪ್ರತಿ ಪ್ರಶ್ನೆಯನ್ನೂ ಬೀದಿಗೆ ಕೇಳುವಂತೆ ಕಿರ್ಗಿಜ್‌ನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಉತ್ತರ ಬರೆದಳು. ಉಳಿದವರೂ ಅವರವರ ಮನೆಗಳಲ್ಲಿ ಹಾಗೇ ಮಾಡಿದರು. ಯಂತ್ರ ಎಲ್ಲರನ್ನೂ ಹಿಡಿದು ಎಲ್ಲರಿಗೂ ಸೊನ್ನೆ ಕೊಟ್ಟಿತು. ಎಲ್ಲರೂ ಒಂದೇ ಅರ್ಜಿ ಹಾಕಿದರು: ಸದ್ದು ಹಾಕಿ ಕೇಳಿ.

ಎರ್ಕಿನ್ ಜುಮಾಯೆವಿಚ್ ಫೋನು ಮಾಡಿದರು. "ಇಷ್ಟೂ ಜನರದ್ದು ನಾನು ಯಾವಾಗ ಕೇಳ್ಲಿ, ತಂಗಿ?"

"ಕೇಳೋಕಾಗಲ್ಲ ಅಂದ್ರೆ ಕಳ್ರು ಅಂತಾನೂ ಅನ್ನಬೇಡಿ, ಬಾಯ್ಕೆ" ಅಂದಳು ಕುಂದುಜ್.

ಕೇಳಿದರು. ಕೇಳದೆ ವಿಧಿಯಿರಲಿಲ್ಲ. ಹಳೆಯವೂ ಸೇರಿ ಸೊನ್ನೆಗಳೆಲ್ಲ ಅಳಿಸಿಹೋದವು, ಉತ್ತರ ಬಲ್ಲವರು ಪಾಸಾದರು, ಗೊತ್ತಿಲ್ಲದವರು ಫೇಲಾದರು, ಅದು ನ್ಯಾಯ. ಈಗ ಯಂತ್ರ ಅನುಮಾನ ಪಟ್ಟರೆ ಒಬ್ಬರು ಕೂತು ಕೇಳಲೇಬೇಕು ಎಂದಾಗಿದೆ.

ಬುರುಲ್ ಮಾತ್ರ ವಾಪಸು ಬರಲಿಲ್ಲ. ಕುಂದುಜ್ ಎರಡು ಸಲ ಮಾತಾಡಿ ನೋಡಿದಳು. "ಅಕ್ಕಾ, ಅವ್ರು ಒಂದ್ಸಲ ಕಳ್ಳಿ ಅಂದಾಗ ಇಡೀ ಊರಿಗೆ ಗೊತ್ತಾಯ್ತು. ಅಲ್ಲ ಅಂದಿದ್ದು ಯಾರಿಗೆ ಗೊತ್ತಾಗುತ್ತೆ?" ಅಂದಳಂತೆ ಆ ಹುಡುಗಿ.