ಉಸಿರು ಕಾಣುವ ಕಾಲ

ಇಲ್ಲೂ ಬರ್ತಿದೆ, ಈ ಮೂಲೆಯಲ್ಲೂ, ಸೂಜಿಮೊನೆಯಷ್ಟೇ ಸಣ್ಣಗೆ, ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳಿಟ್ಟರೆ ಗೊತ್ತಾಗುತ್ತದೆ, ಕಳ್ಳಗಾಳಿ, ಹಳೇ ಲಂಗದ ಚೂರನ್ನು ಹೊಸೆದು ಚಾಕುವಿನ ಮೊಂಡು ತುದಿಯಿಂದ ಬಿರುಕಿಗೆ ತುರುಕುತ್ತಾಳೆ, ನಿನ್ನೆ ಎಡಬದಿ ಆಯಿತು, ಇವತ್ತು ಬಲಬದಿ, ದರ್ಜಿ ಅಂಗಡೀಲಿ ದಿನವಿಡೀ ಗುಂಡಿ ಕಾಜಾ ಹೊಲಿದದ್ದು ಸಾಲದೂಂತ ಮನೆಗೂ ಹೊಲಿಗೆ ಹಾಕ್ತಿದ್ದೀಯೇನೇ ಎಂದು ಹಿಂದಿನಿಂದ, ಕುರ್ಚಿಯಲ್ಲಿ ಕೂತ ಯಜಮಾನರು, ಗಾಳಿ ಗುದ್ದಿ ಮೈ ನೋಯಿಸಿಕೊಂಡವರನ್ನ ಕೇಳಿದ್ದೆ, ಗಾಳಿಗೆ ತೇಪೆ ಹಾಕೋಳನ್ನ ಇವತ್ತೇ ನೋಡಿದ್ದು — ಅನ್ನಲಿ, ಎಷ್ಟು ಬೇಕಾದರೂ ಅನ್ನಲಿ, ಮಾತಾಡುತ್ತಿದ್ದರೆ ಉಸಿರಾಡುತ್ತಿದ್ದಾರೆ ಅಂತಲೇ ಅರ್ಥ, ಸುಮ್ಮನಾದರೆ ಕಷ್ಟ, ಸುಮ್ಮನಾದರೆ ಏನೋ ನೆಪ ತೆಗೆದು ಹತ್ತಿರ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯಬೇಕು, ಹಿಡಿದರೆ, ಸತ್ತಿಲ್ಲ ಕಣೇ ಹೋಗು, ಅನ್ನುತ್ತಾರೆ ಕಣ್ಣು ಮುಚ್ಚಿಕೊಂಡೇ. ಬನಿಯನ್ನಿನ ಮೇಲೆ ಶರ್ಟು, ಅದರ ಮೇಲೆ ಸ್ವೆಟರು, ಶಾಲು, ಕಿವಿ ಮುಚ್ಚುವ ಟೋಪಿ, ಇನ್ನೊಂದು ಸುತ್ತು ಸುತ್ತಿದರೆ ಅಂಚೆಚೀಟಿ ಹಚ್ಚಿ ಕಳಿಸಬಹುದು ನನ್ನನ್ನ, ಅಂದಿದ್ದರು ಬೆಳಿಗ್ಗೆ, ಅಂಚೆ ಅಂದಕೂಡಲೇ ಅವಳ ಕೈ ತಾನಾಗಿಯೇ ಮೈಮೇಲಿದ್ದ ಅವರದೇ ಹಳೇ ಕೋಟಿನ ಜೇಬಿಗೆ ಹೋಗಿತ್ತು, ಇದೆ, ಕಾಗದ ಇನ್ನೂ ಅಲ್ಲೇ ಇದೆ, ನೀಲಿ ಲಕೋಟೆ, ಮೂಲೆಗಳೆಲ್ಲ ಮುದುರಿ ಬಟ್ಟೆಯ ಹಾಗೆ ಮೆತ್ತಗಾಗಿದೆ, ಚಳಿ ಇನ್ನೂ ಹೆಜ್ಜೆ ಊರುವ ಮೊದಲೇ ಬರೆದು ಕೊಟ್ಟದ್ದು, ಅಂಗಡಿಗೆ ಹೋಗ್ತಾ ಡಬ್ಬಿಗೆ ಹಾಕಿಬಿಡು ಎಂದು, ಹಾಕಿದೆಯಾ ಅಂತ ಸಂಜೆ ಕೇಳಿದರು, ಹೂಂ ಅಂದಳು, ಆ ಹೂಂ ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳು.

ಗುಡ್ಡದ ಮೇಲಿನ ಗೂಬೆಗೆ ಆ ಕಾಗದ. ಗೂಬೆ ಅಂದರೆ ಗೆಳೆಯ, ಇವರ ಜೊತೆ ಜನ್ಮವಿಡೀ ವಿದ್ಯುತ್ ಕಂಬ ಹತ್ತಿದವನು, ರಾತ್ರಿ ಪಾಳಿಯೇ ಬೇಕು ಅಂತ ಜಗಳವಾಡಿ ಹಾಕಿಸಿಕೊಳ್ಳುತ್ತಿದ್ದವನು, ಈಗ ಕಾಡಿನ ಬಂಗಲೆಯೊಂದಕ್ಕೆ ಕಾವಲುಗಾರ, ಅಲ್ಲಿ ಫೋನಿಗೆ ಜೀವ ಬರುವುದಿಲ್ಲ, ಅದಕ್ಕೇ ಕಾಗದ, ಬಾರೋ, ಕೆರೆ ತುಂಬ ಹಕ್ಕಿ ಇಳಿದಿವೆ, ಬಿಸಿಲು ಬಲಿತ ಮೇಲೆ ಅವು ನಿನಗಾಗಿ ಕಾಯೋದಿಲ್ಲ, ಒಂದು ಸಲ ಮೈಚಳಿ ಬಿಟ್ಟು ಹೊರಗೆ ಬಾ, ಆಮೇಲೆ ಚಳಿಯೇ ನಿನ್ನ ಮೈ ಬಿಡುತ್ತೆ, ಎಂದು ಅವನು ಬರೆದದ್ದನ್ನು ಇವರು ಎರಡೆರಡು ಸಲ ಜೋರಾಗಿ ಓದಿ, ಇಬ್ಬರೂ ಬರ್ತೀವಿ, ಇವಳಿಗೂ ತೋರಿಸ್ಬೇಕು, ಎಂದು ಉತ್ತರ ಬರೆದರು, ಇವಳಿಗೂ — ಅವಳು ಏನನ್ನು ನೋಡಬೇಕು, ನೋಡಿದ್ದು ಸಾಲದೇ, ಹೋದ ಚಳಿಗಾಲ ಊರಾಚೆಯ ನೀರಿನ ಬಳಿ ಹಕ್ಕಿ ನೋಡಿ ಬರ್ತೀನಿ ಅಂತ ಹೋದವರು ನೆನೆದು ಬಂದರು, ಚಳಿ ಜ್ವರವಾಯಿತು, ಜ್ವರ ಎದೆಗಿಳಿಯಿತು, ಆಸ್ಪತ್ರೆಯ ಹಾಸಿಗೆಯ ಮೇಲೆ ಆ ಪ್ಲಾಸ್ಟಿಕ್ ಮಾಸ್ಕು, ಒಳಗೆ ಹಬೆ ಕೂರುತ್ತಿತ್ತು, ಆರುತ್ತಿತ್ತು, ಕೂರುತ್ತಿತ್ತು, ಅವಳು ಬೇರೆಲ್ಲೂ ನೋಡಲಿಲ್ಲ, ಮಗಳು ಬಂದು ಅಮ್ಮಾ ಏನಾದರೂ ತಿನ್ನು ಅಂದರೂ ನೋಡಲಿಲ್ಲ, ತಾನು ಕಣ್ಣು ತೆಗೆದರೆ ಮುಂದಿನ ಹಬೆ ಬರುವುದಿಲ್ಲ ಅಂತ ಅದು ಹೇಗೋ ಮನಸ್ಸಿಗೆ ಗಂಟುಬಿದ್ದಿತ್ತು. ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ಕುಡಿಯಲಿ ಬಿಡಿ, ಯಾರಿಗೇನು ನಷ್ಟ. ಬಿಸಿಲು ಬಂದ ಮೇಲೆ ಧಾರಾಳವಾಗಿ ಓಡಾಡಲಿ, ಕೂತೇ ಇದ್ದರೆ ಎದೆ ಇನ್ನೂ ಕಟ್ಟುತ್ತೆ ಅಂದರು ಮೊನ್ನೆ ಡಾಕ್ಟರು, ಅದೂ ಅವಳಿಗೆ ಕೇಳಿಸಿತ್ತು, ಕೇಳಿಸಿಯೂ ಕೇಳಿಸಲಿಲ್ಲ. ಆದರೆ ಗೂಬೆ ಯಾಕೆ ಬರೀಲಿಲ್ಲವೋ ಅಂತ ಇವರು ಕೇಳುವುದು ಕಡಿಮೆಯಾಗಿದೆ, ಮೊದಲು ದಿನಾ ಕೇಳುತ್ತಿದ್ದರು, ಆಮೇಲೆ, ಅವನಿಗೂ ಬೇಡವಾದೆನೇನೋ, ಅಂದರು, ಈಗ ಅದೂ ಇಲ್ಲ, ಕಿಟಕಿಯ ಕಡೆ ಮುಖವನ್ನೂ ಮಾಡುವುದಿಲ್ಲ, ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ, ಬೆಚ್ಚಗಿಟ್ಟು ಬೆಚ್ಚಗಿಟ್ಟು ಗಿಡ ಬಾಡುತ್ತಿದೆಯಾ — ಮಾತಿಲ್ಲ, ಯಾಕೆ ಮಾತಿಲ್ಲ, ಆಗಿನಿಂದ ಹಿಂದಿನಿಂದ ಒಂದು ಕೆಮ್ಮೂ ಇಲ್ಲ, ರೀ, ಅಂದಳು ಚಾಕು ಹಿಡಿದುಕೊಂಡೇ, ರೀ, ತಿರುಗಿದರೆ ಕುರ್ಚಿಯ ಮೇಲೆ ಶಾಲು ಮಾತ್ರ, ಬಾಗಿಲು ಅರ್ಧ ತೆಗೆದಿದೆ.

ಚಪ್ಪಲಿ ಒಂದು ಸಿಕ್ಕಿತು ಇನ್ನೊಂದು ಸಿಗಲಿಲ್ಲ, ಹಾಗೇ ಓಡಿದಳು, ಚಪ್ಪಲಿ ಇಲ್ಲದ ಕಾಲಿಗೆ ರಸ್ತೆ ಕತ್ತಿಯ ಹಾಗೆ, ಹಾಲಿನವಳು ಸೈಕಲ್ ನಿಲ್ಲಿಸಿ, ಏನಜ್ಜಿ, ಯಾರ ಮೇಲೆ ಯುದ್ಧ, ಅಂದಾಗಲೇ ಗೊತ್ತಾದದ್ದು ಕೈಯಲ್ಲಿ ಚಾಕು ಇನ್ನೂ ಇದೆ ಎಂದು, ಅಜ್ಜ ಬಯಲ ಕಡೆ ಹೋದರು ಅಂದಳು ಅವಳು, ಬಯಲಿಗಾ, ಶಾಲೂ ಇಲ್ಲದೆ, ಬಿದ್ದಿರುತ್ತಾರೆ, ಹುಲ್ಲಿನಲ್ಲಿ ಮುಖ ಕೆಳಗೆ ಮಾಡಿ ಬಿದ್ದಿರುತ್ತಾರೆ, ಮಗಳಿಗೆ ಏನೆಂದು ಹೇಳಲಿ, ತಿರುವು ಕಳೆಯಿತು, ಬೇಲಿ, ಬೇಲಿಯ ತಂತಿಗೆ ಜೇಡರ ಬಲೆ, ಬಲೆಯ ಎಳೆಎಳೆಗೂ ಇಬ್ಬನಿ, ಯಾರೋ ಕೂತು ಒಂದೊಂದೇ ಮಣಿ ಹೊಲಿದ ಹಾಗೆ, ಅಬ್ಬ ಎಷ್ಟು ನಯವಾದ ಕೆಲಸ ಅಂದುಕೊಂಡು ಕಾಲು ಒಂದು ಗಳಿಗೆ ನಿಂತೇಬಿಟ್ಟಿತು, ಥೂ, ಇಂಥ ಹೊತ್ತಿನಲ್ಲಿ, ಮತ್ತೆ ಓಡಿದಳು, ಬಯಲಿಡೀ ಬೆಳ್ಳಗೆ, ಎಳೆಬಿಸಿಲು ಓರೆಯಾಗಿ ಬಿದ್ದು ಹುಲ್ಲೆಲ್ಲ ಹೊಗೆಯಾಡುತ್ತಿದೆ, ನಡುವೆ ಇವರು — ನಿಂತಿದ್ದಾರೆ, ನೆಟ್ಟಗೆ, ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದ ಹಳೇ ದಿನಗಳ ಹಾಗೆ, ತಿರುಗಿ, ಶ್, ಅಂದರು, ಹೆಜ್ಜೆ ಮೆಲ್ಲಗಿಡೇ, ನಿನ್ನ ಅಕ್ಕತಂಗಿಯರು ಬಂದಿದ್ದಾರೆ ನೋಡು, ಕುಂಡೆಕುಸ್ಕ ಹಕ್ಕಿಗಳು, ಒಂದು ಗಳಿಗೆ ಸುಮ್ಮನೆ ನಿಲ್ಲೋದಿಲ್ಲ, ಬಾಲ ಎತ್ತಿ ಇಳಿಸಿ ಎತ್ತಿ ಇಳಿಸಿ ಊರೆಲ್ಲ ಉಸ್ತುವಾರಿ — ಬಯ್ಯಬೇಕು, ಬಯ್ಯುವುದಕ್ಕೇ ಬಾಯಿ ತೆರೆದಿದ್ದಳು, ಆದರೆ ಅವರ ಬಾಯಿಂದ ಮಾತಿನ ಜೊತೆ ಹಬೆ ಹೊರಟಿತು, ಶ್ ಅಂದಾಗ ಒಂದು ಸಣ್ಣದು, ಅಕ್ಕತಂಗಿಯರು ಅಂದಾಗ ದೊಡ್ಡದು, ಬೆಳ್ಳಗೆ, ಬಿಸಿಲಲ್ಲಿ ಅರಳಿ, ಕರಗಿ, ಮತ್ತೊಂದು, ಬೆರಳು ಹಿಡಿಯುವುದೇ ಬೇಡ, ಇಷ್ಟು ದೂರದಿಂದ ಕಾಣುತ್ತಿದೆ, ಅವರದು, ತನ್ನದೂ, ಓಡಿಬಂದದ್ದಕ್ಕೆ ತನ್ನದು ಕುದಿಯುವ ಪಾತ್ರೆಯ ಹಾಗೆ ಬುಸುಬುಸು, ವರ್ಷವೆಲ್ಲ ಅಡಗಿ ಕೂರುವ ಉಸಿರು ಈ ಚಳಿಯಲ್ಲಿ ಮಾತ್ರ ಹೊರಗೆ ಬಂದು ಮುಖ ತೋರಿಸುತ್ತದೆ, ಇದನ್ನೇ ಅಲ್ಲವೇ ತಾನು ಬಾಗಿಲು ಹಾಕಿ ಬಿರುಕು ಮುಚ್ಚಿ ಹೊರಗಿಟ್ಟದ್ದು, ಕಾಲಡಿಯ ಹುಲ್ಲು ಮೊದಲು ಸುಟ್ಟ ಹಾಗಾಗಿ ಈಗ ಹಿತವಾಗುತ್ತಿದೆ, ಯಾಕೋ ನಗು ಬರುತ್ತಿದೆ, ನಗಬಾರದು, ಹಾಳು ಜ್ವರ ಮತ್ತೆ ಬಂದರೆ, ಬರಬಹುದು, ಬಾರದೆಯೂ ಇರಬಹುದು.

ನೋಡು ನೋಡು, ಹಾರಿದವು, ಅಂದರು ಅವರು, ಮುಖ ಅರಳಿದ್ದು ಹಾಗೇ ಮುದುಡಿತು, ಗುಡ್ಡದ ಕೆರೆಯ ಹಕ್ಕಿಗಳೂ ಇಷ್ಟು ಹೊತ್ತಿಗೆ ಹೊರಟಿರುತ್ತವೆ ಬಿಡು, ಅಂದರು, ಆ ಬಿಡು ಅವಳಿಗೆ ತಡೆಯಲಾಗಲಿಲ್ಲ. ಅಂಚೆ ಡಬ್ಬಿ ಬಯಲಿನ ಅಂಚಿಗೇ ಇದೆ, ದಿನಾ ಅದರ ಮುಂದೆ ಸಾಲಗಾರನ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದಳು, ಹೋದಳು, ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟಳು, ಅರ್ಧ ಒಳಗೆ, ಬೆರಳು ಮಾತ್ರ ಬಿಡುತ್ತಿಲ್ಲ, ಬಿಟ್ಟರೆ ಆಯಿತು, ಗುಡ್ಡ, ಬೆಟ್ಟದ ಚಳಿ, ದಾರಿಯಲ್ಲಿ ಡಾಕ್ಟರೂ ಇಲ್ಲ, ಏನೇ ಅದು, ಹಿಂದೆ ಅವರ ಹೆಜ್ಜೆ, ಆ ನೀಲಿ ನಂದಲ್ವಾ, ಹೌದು ಅಂದಳು, ತಿರುಗಿ, ಮುಖ ನೋಡಿಯೇ ಅಂದಳು, ನಿಮ್ಮದೇ, ಗೂಬೆಗೆ ಬರೆದದ್ದು, ನಾನು ಹಾಕಿರಲಿಲ್ಲ, ನೀವೆಲ್ಲಿ ಹೋಗಿಬಿಡ್ತೀರೋ ಅಂತ. ಅವರು ನಿಂತರು. ಬಾಯಿಯ ಮುಂದೆ ಏನೂ ಇಲ್ಲ, ಬರೀ ಗಾಳಿ, ಬರೀ ಬಿಸಿಲು, ಹಬೆ ಇಲ್ಲ, ಬಯ್ಯಿರಿ, ಏನಾದರೂ ಅನ್ನಿ, ಹಬೆ ಇಲ್ಲ, ಇನ್ನೂ ಇಲ್ಲ, ಮಾಸ್ಕಿನೊಳಗೆ ಆರಿ ಮತ್ತೆ ಕೂರುವ ಮುನ್ನ ಇರುತ್ತಿತ್ತಲ್ಲ ಅಷ್ಟು ಹೊತ್ತು, ಅದಕ್ಕಿಂತ ಹೆಚ್ಚು — ಬಂತು, ಉದ್ದಕ್ಕೆ, ಬೆಳ್ಳಗೆ, ಅವಳ ಮುಖದವರೆಗೂ ಬಂತು, ಬೆಚ್ಚಗಿತ್ತು, ಬೆರಳು ಸಡಿಲವಾಯಿತು, ಕಾಗದ ಒಳಗೆಲ್ಲೋ ತಳದಲ್ಲಿ ಬಿದ್ದ ಸದ್ದಾಯಿತು, ಅವಳು ನೋಡುತ್ತಲೇ ನಿಂತಳು, ಹಬೆ, ಆರಿತು, ಹಬೆ.