ಎಡಗೈ ಸೆಲ್ಯೂಟ್

ಭದ್ರಾವತಿಯಿಂದ ಶಿವಮೊಗ್ಗದ ಸೆಷನ್ಸ್ ಕೋರ್ಟಿಗೆ ಕೈದಿಯನ್ನು ಕರೆದೊಯ್ಯಲು ಇಬ್ಬರು ಪೇದೆಗಳು ಬೇಕು. ಆದರೆ ಅವತ್ತು ಪೇದೆ ವೀರಪ್ಪನ ಜೊತೆಗಾರನನ್ನು ವಿಶ್ವಾರಾಧ್ಯರ ಬಂದೋಬಸ್ತಿಗೆ ಹಾಕಿದ್ದರು. ವಿಶ್ವಾರಾಧ್ಯರು ಮಾಜಿ ಮಂತ್ರಿಗಳು. ಅವರು ಹೊರಟಿದ್ದೂ ಅದೇ ಕೋರ್ಟಿಗೆ, ಅದೇ ಕೇಸಿಗೆ. ತೊಂಬತ್ತೇಳರಲ್ಲಿ ಓಲ್ಡ್ ಟೌನಿನಲ್ಲಿ ಅವರ ಭಾಷಣ ಮುಗಿದ ಮೇಲೆ ಬಸ್ಸೊಂದಕ್ಕೆ ಬೆಂಕಿ ಬಿದ್ದಿತ್ತು. ಮೊದಲನೇ ಆರೋಪಿ ಅವರು; ಒಂಬತ್ತನೆಯವನು ಲಾರಿಗೆ ಲೋಡು ಹಾಕುವ ಭೀಮೇಶ. ಅವರಿಗೆ ಪೊಲೀಸರು ಮನೆ ಬಾಗಿಲಿಗೆ ಬರುವ ಮೊದಲೇ ಜಾಮೀನು ಸಿಕ್ಕಿತು. ಭೀಮೇಶನಿಗೆ ಜಾಮೀನು ನಿಲ್ಲಲು ಪಹಣಿ ಇರುವ ಒಬ್ಬ ನೆಂಟನೂ ಸಿಗಲಿಲ್ಲ. ಒಂದೇ ಬೆಂಕಿಗೆ ಒಬ್ಬರು ಕಾರಿನಲ್ಲಿ, ಇನ್ನೊಬ್ಬ ಕೋಳದಲ್ಲಿ.

ಜಡ್ಜರ ಅಪ್ಪಣೆಯಿಲ್ಲದೆ ಕೋಳ ಹಾಕಬಾರದೆಂಬ ಆದೇಶ ಠಾಣೆಗೂ ಬಂದಿತ್ತು. ಬಂದು ಫೈಲಿನಲ್ಲಿ ಹಾಯಾಗಿ ಮಲಗಿತ್ತು. ಕೈದಿ ತಪ್ಪಿಸಿಕೊಂಡರೆ ಕೆಲಸ ಹೋಗುವುದು ಪೇದೆಯದು. ಅದಕ್ಕೇ ಒಂಟಿಯಾಗಿ ಹೊರಟ ವೀರಪ್ಪ ಕೋಳದ ಒಂದು ತುದಿಯನ್ನು ಭೀಮೇಶನ ಕೈಗೆ, ಇನ್ನೊಂದನ್ನು ತನ್ನ ಕೈಗೆ ಹಾಕಿಕೊಂಡ.

ಬಸ್ಸಿನಲ್ಲಿ ಭೀಮೇಶ ಕೇಳಿದ್ದು ಒಂದೇ ಮಾತು. "ಸಾರ್, ಕೋರ್ಟ್ ಹತ್ರ ಅವ್ವ ಬಂದಿರ್ತಾಳೆ. ನಂಗೆ ಕೋಳ ಹಾಕಲ್ಲ ಅಂತ ನಂಬಿಸಿದೀನಿ. ಅವ್ಳು ನೋಡೋದು ಬೇಡ."

ವೀರಪ್ಪ ಕೆಟ್ಟವನಲ್ಲ. ಗೇಟಿನ ಹತ್ತಿರವೇ ಬಿಚ್ಚುತ್ತೇನೆಂದು ಮಾತು ಕೊಟ್ಟ. ಬಸ್ಸಿನ ಜನವೂ ನೋಡಬಾರದೆಂದು ಅವನನ್ನು ಕಿಟಕಿ ಪಕ್ಕ ಕೂರಿಸಿ, ಕೋಳ ಇಬ್ಬರ ನಡುವೆ ಬರುವಂತೆ ಕೈ ಬದಲಾಯಿಸಿ, ಮೇಲೆ ಭೀಮೇಶನ ಟವೆಲ್ ಹೊದಿಸಿದ. ಪೇದೆಗಳು ಕೋಳವನ್ನು ತಮ್ಮ ಎಡಗೈಗೇ ಹಾಕಿಕೊಳ್ಳುವುದು ರೂಢಿ; ಬಲಗೈ ಸಾಹೇಬರುಗಳಿಗೆ ಮೀಸಲು. ಈ ಬದಲಾವಣೆಯಲ್ಲಿ ವೀರಪ್ಪನ ಬಲಗೈ ಭೀಮೇಶನ ಎಡಗೈಗೆ ಗಂಟುಬಿದ್ದಿತು.

ಕೋರ್ಟಿನ ಗೇಟಿನಲ್ಲಿ ನೋಡಿದರೆ ಇನ್ಸ್‌ಪೆಕ್ಟರ್ ಖುದ್ದಾಗಿ ನಿಂತಿದ್ದಾರೆ. ವೀರಪ್ಪನ ಎಡಗೈ ಜೇಬಿನ ಕೀಲಿಯವರೆಗೆ ಹೋಗಿ ವಾಪಸ್ ಬಂತು. ಸಾಹೇಬರ ಎದುರು ಕೋಳ ಬಿಚ್ಚುವ ಧೈರ್ಯ ಅವನಿಗೆಲ್ಲಿಯದು? ಒಳಗೆ ಹೋಗಿ ಬಿಚ್ಚೋಣ, ತಡಿ ಮಾರಾಯ ಎಂದು ಗೊಣಗಿದ. ಟವೆಲ್ಲಂತೂ ಇತ್ತಲ್ಲ. ಬೇವಿನ ಮರದ ಕೆಳಗೆ ಬುತ್ತಿ ಹಿಡಿದು ಕಾಯುತ್ತಿದ್ದ ಬಂಗಾರಮ್ಮ ಮಗನನ್ನು ಕಂಡು ನಗುತ್ತಾ ಎದುರಿಗೆ ಬಂದಳು.

ಅಷ್ಟರಲ್ಲಿ ಕಾರು ಬಂತು. ವಿಶ್ವಾರಾಧ್ಯರು ಇಳಿದರು. ಇನ್ಸ್‌ಪೆಕ್ಟರ್ ಕೈ ಹಣೆಗೆ ಹೋಯಿತು. ಇಷ್ಟು ವರ್ಷದ ಅಭ್ಯಾಸ ಯಾರ ಮಾತು ಕೇಳುತ್ತದೆ? ವೀರಪ್ಪನ ಬಲಗೈಯೂ ಎದ್ದಿತು, ಅದರ ಜೊತೆ ಭೀಮೇಶನ ಎಡಗೈಯೂ. ಟವೆಲ್ ನೆಲಕ್ಕೆ ಬಿತ್ತು. ಒಂಬತ್ತನೇ ಆರೋಪಿ ಕೋಳ ಹಾಕಿದ ಕೈಯಲ್ಲೇ ಮೊದಲನೇ ಆರೋಪಿಗೆ ಸೆಲ್ಯೂಟ್ ಹೊಡೆದಂತಾಯಿತು.

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ತಮಗಾಗಿ ಜೈಕಾರ ಕೂಗಿದ್ದ ಭೀಮೇಶನ ಗುರುತೇ ವಿಶ್ವಾರಾಧ್ಯರಿಗೆ ಸಿಗಲಿಲ್ಲ. ಪೇದೆಗೂ ಕೈದಿಗೂ ಸೇರಿಸಿ ಒಂದೇ ನಮಸ್ಕಾರ ಹಾಕಿ ಮೆಟ್ಟಿಲು ಹತ್ತಿದರು. ಬಂಗಾರಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. ಬಗ್ಗಿ ಟವೆಲ್ ಎತ್ತಿ, ಧೂಳು ಕೊಡವಿ ಮಗನ ಹೆಗಲಿಗೆ ಹಾಕಿದಳು. ಬುತ್ತಿಯನ್ನು ಅವನ ಬಲಗೈಗೆ ಕೊಟ್ಟು, ಮುಖ ನೋಡದೆ ಗೇಟು ದಾಟಿ ಹೋದಳು. ವೀರಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಜಡ್ಜರ ಕಣ್ಣಿಗೆ ಬೀಳದಂತೆ ಬಾಗಿಲ ಹೊರಗೆ ಕೋಳ ಬಿಚ್ಚಿದ. ಒಳಗೆ ವಿಶ್ವಾರಾಧ್ಯರಿಗೆ ಕುರ್ಚಿ ಬಂತು. ವಕೀಲರು ನಾಲ್ಕು ಮಾತಾಡಿದರು. ಇನ್ನು ಪ್ರತಿ ಸಲ ಅವರು ಖುದ್ದು ಬರಬೇಕಿಲ್ಲ ಎಂದಾಯಿತು. ಜಾಮೀನಿನ ಷರತ್ತು ಸಡಿಲಿಸಿ ಎಂಬ ಭೀಮೇಶನ ಅರ್ಜಿ ಮುಂದಿನ ತಿಂಗಳಿಗೆ ಹೋಯಿತು. ಹೊರಗೆ ಬಂದೊಡನೆ ಇನ್ಸ್‌ಪೆಕ್ಟರ್ ನೋಡಿದರು, ವೀರಪ್ಪ ಮತ್ತೆ ಕೋಳ ಹಾಕಿದ.

ಸಂಜೆ ಬಸ್ಸು ಹತ್ತಿದ ಮೇಲೆ ಅವನು ಕೀಲಿ ಹೊರತೆಗೆದ. ಭೀಮೇಶ ಕೈಯನ್ನು ಹಿಂದಕ್ಕೆಳೆದುಕೊಂಡ.

"ಈಗ್ಯಾಕೆ ಸಾರ್? ಅವ್ವ ಆಗ್ಲೇ ಹೋದ್ಲು."

ತಪ್ಪಾಯ್ತು ಎನ್ನಬೇಕೆಂದು ವೀರಪ್ಪ ಬಾಯಿ ತೆರೆದ. ಕೈದಿಯ ಎದುರು ಆ ಮಾತು ಆಡಿ ಅವನಿಗೆ ರೂಢಿಯಿರಲಿಲ್ಲ, ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಮಾಚೇನಹಳ್ಳಿಯಲ್ಲಿ ಅವನ ಬೀದಿಯ ಮೇಷ್ಟ್ರೊಬ್ಬರು ಬಸ್ಸು ಹತ್ತಿ, ವೀರಪ್ಪನಿಗೆ ನಮಸ್ಕರಿಸಿ ಎದುರಿಗೇ ಕುಳಿತರು. ಭೀಮೇಶ ಹೆಗಲಿನ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೂ ಹರಡಿದ.

"ಮುಚ್ಕೊಳ್ಳಿ ಸಾರ್," ಎಂದ ಮೆಲ್ಲಗೆ. "ನಿಮ್ ಗುರ್ತಿನೋರು ನೋಡ್ತಾರೆ."

ವೀರಪ್ಪ ಭದ್ರಾವತಿ ಬರುವ ತನಕ ಟವೆಲ್ಲಿನ ಕೆಳಗಿನಿಂದ ಕೈ ತೆಗೆಯಲಿಲ್ಲ.