ಹೋಗುವ ಸಾಲು, ಬರುವ ಸಾಲು

ಡ್ರೋನ್ ಎಬ್ಬಿಸಿದ ಧೂಳು ಅಮ್ಮನ ಕಡೆಗೇ ಹೋಗುತ್ತಿದೆ, ಅವಳು ತನ್ನ ಮೂಗು ಮುಚ್ಚಿಕೊಳ್ಳುವುದು ಬಿಟ್ಟು ಹಲಗೆಯ ಬೆನ್ನಿಗೆ ಸೆರಗು ಅಡ್ಡ ಹಿಡಿದಿದ್ದಾಳೆ, ತಂತಿಗಳಿಗೆ ಮಣ್ಣು ಕೂರಬಾರದಂತೆ — ಹಲಗೆ ಅನ್ನುವುದು ಅವಳೇ ಇಟ್ಟ ಹೆಸರು, ನಮ್ಮ ಕಾಗದಗಳಲ್ಲಿ ಅದು ರೇಡಾರ್ ಆಂಟೆನಾ, ಬಾಗಿಲಷ್ಟು ಅಗಲ, ಹದಿನಾರು ಸಾಲು, ಸಾಲಿಗೆ ಹದಿನಾರು ತಾಮ್ರದ ಬಿಲ್ಲೆ, ಬಿಲ್ಲೆಗೊಂದು ತಂತಿ, ಒಟ್ಟು ಇನ್ನೂರ ಐವತ್ತಾರು, ಅಷ್ಟನ್ನೂ ಸಿಕ್ಕಿಸಿದ ಕೈ ಅವಳದು. ಇದು ತಿರುಗಲ್ವೇನೇ ಚೈತ್ರಾ, ಟೀವೀಲಿ ತೋರ್ಸೋದು ಗಿರಗಿರ ತಿರುಗ್ತದೆ, ಅಂತ ಹಿಂದೊಮ್ಮೆ ಕೇಳಿದ್ದಳು. ಇಲ್ಲಮ್ಮ, ಇದು ನಿಂತ ಕಡೆಯಿಂದ್ಲೇ ಕಣ್ಣು ಹೊರಳಿಸುತ್ತೆ, ಸಾಲಾಗಿ ನಿಂತವರು ಒಬ್ಬರಾದ ಮೇಲೊಬ್ಬರು ಚಪ್ಪಾಳೆ ತಟ್ತಾರಲ್ಲ, ಹಂಗೆ ಬಿಲ್ಲೆಗಳು ಒಂದರ ಹಿಂದೊಂದು ಚೂರು ತಡ ಮಾಡಿ ಅಲೆ ಬಿಡುತ್ವೆ, ತಡವಾದ ಕಡೆಗೆ ಅಲೆ ವಾಲುತ್ತೆ. ಅಮ್ಮ ತಲೆಯಾಡಿಸಿದ್ದಳು, ಅರ್ಥವಾಗಿಯೋ ಮಗಳು ಇಷ್ಟೆಲ್ಲ ಮಾತಾಡಿದಳಲ್ಲ ಅನ್ನುವ ಖುಷಿಗೋ, ಗೊತ್ತಿಲ್ಲ. ಈಗ ಸಾಸಲಿನ ಈ ಬಯಲಿನಲ್ಲಿ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿದೆ, ಶಾಮಿಯಾನದ ಕೆಳಗೆ ಸೇನೆಯ ಇಬ್ಬರು ಅಧಿಕಾರಿಗಳು ಎಳನೀರು ಹಿಡಿದು ಕೂತಿದ್ದಾರೆ, ಅವರ ಪಕ್ಕ ನಮ್ಮ ಕಂಪನಿಯ ಯಜಮಾನರು ಗೋವಿಂದರಾಜು, ಎಳನೀರು ಕುಡಿಯಲೂ ಆಗದೆ ಇಳಿಸಲೂ ಆಗದೆ, ಡ್ರೋನ್ ಹಾರಿಸುತ್ತಿರುವ ಭಾನುಪ್ರಕಾಶ್ ಕೈಯೆತ್ತಿ ಸನ್ನೆ ಮಾಡುತ್ತಾನೆ, ನನ್ನ ಎದುರಿನ ಪರದೆಯಲ್ಲಿ ಒಂದು ಹಸಿರು ಚುಕ್ಕೆ, ನಟ್ಟನಡುವೆ. ನಡುವೆ ಇರುವ ತನಕ ಒಂದೇ ಇರುತ್ತದೆ, ನಿನ್ನೆಯೂ ಇತ್ತು, ಅದನ್ನು ನಂಬುವ ಹಾಗಿಲ್ಲ.

ನಿನ್ನೆ ಡ್ರೋನ್ ಬಲಕ್ಕೆ ಸರಿದದ್ದೇ ಚುಕ್ಕೆ ಎರಡಾಯಿತು, ಒಂದು ಬಲಕ್ಕೆ ಹೋಯಿತು, ಇನ್ನೊಂದು ಎಡಕ್ಕೆ, ಅಷ್ಟೇ ದೂರ, ಅಷ್ಟೇ ಮಂಕು, ಆಕಾಶದಲ್ಲಿ ಇದ್ದದ್ದು ಒಂದೇ ಡ್ರೋನು. ಗಡಿಯಲ್ಲಿ ಕಾವಲು ನಿಂತ ಹುಡುಗ ಇಂಥ ಪರದೆ ನೋಡಿ ಎಡಕ್ಕೆ ಗುರಿಯಿಟ್ಟರೆ ಬಲದಿಂದ ಬಂದದ್ದು ಅವನ ತಲೆಯ ಮೇಲಿರುತ್ತದೆ. ಬಿಲ್ಲೆಗಳನ್ನು ಒಂದೊಂದಾಗಿ ನೋಡಿದೆವು, ಒಂದೂ ಸತ್ತಿಲ್ಲ, ಎಲ್ಲವೂ ಚೆನ್ನಾಗಿವೆ, ಚೆನ್ನಾಗಿದ್ದೂ ಸುಳ್ಳು ಹೇಳುತ್ತವೆ. ಗೋವಿಂದರಾಜು ಸರ್ ಕನ್ನಡಕ ತೆಗೆದು ಒರೆಸಿಕೊಂಡರು, ಅವರು ಕನ್ನಡಕ ಒರೆಸಿದರೆ ಮುಂದೆ ಬರುವ ಮಾತು ಒಳ್ಳೆಯದಲ್ಲ, ನೋಡಮ್ಮಾ ಚೈತ್ರಾ, ಇದು ತಂತಿ ಸಿಕ್ಸೋದ್ರಲ್ಲಿ ಆಗಿರೋ ತಪ್ಪು ಅಂತಾದ್ರೆ ಈ ಕೈಕೆಲ್ಸಾನೇ ನಿಲ್ಸಿಬಿಡೋಣ, ಹೊರಗಡೆ ಮೆಷಿನ್‌ನೋರಿಗೆ ಕೊಟ್ಬಿಡೋಣ, ನಿಮ್ಮಮ್ಮನಿಗೂ ವಯಸ್ಸಾಯ್ತು. ಕೆಟ್ಟ ಮನುಷ್ಯರಲ್ಲ, ದೊಡ್ಡ ರೇಡಾರ್ ಒಂದಕ್ಕೆ ಸುರಿಯುವ ದುಡ್ಡಿನಲ್ಲಿ ಇಂಥವು ನೂರು ಬರಬೇಕು, ಪ್ರತಿ ಠಾಣೆಗೂ ಒಂದೊಂದು ಸಿಗಬೇಕು ಅಂತ ಆರು ವರ್ಷದಿಂದ ಹಟ ಹಿಡಿದವರು, ಕಾರಿಗೆ ಹಾಕುವ ಎಲೆಕ್ಟ್ರಾನಿಕ್ ಚಿಪ್ ತಂದು ಇದಕ್ಕೆ ಕೂರಿಸಿದವರು, ಆ ಅಗ್ಗದ ಜಪದಲ್ಲೇ ನಾವು ಬಿಲ್ಲೆಗಳ ಬೆನ್ನಿಗೆ ನಂಬರ್ ಅಚ್ಚು ಹಾಕಿಸುವುದನ್ನೂ ಬಿಟ್ಟಿದ್ದು. ಆದರೆ ಅಮ್ಮನ ಕೈ — ಮಗ್ಗ ಮಾರಿದ ಮೇಲೆ ಎರಡು ವರ್ಷ ಆ ಕೈಗಳು ಮಡಿಲಲ್ಲಿ ಬಿದ್ದುಕೊಂಡಿದ್ದವು, ಟೀವಿ ನೋಡುತ್ತಲೇ ಬೆರಳುಗಳು ಇಲ್ಲದ ಎಳೆಯೊಂದನ್ನು ಹೊಸೆಯುತ್ತಿದ್ದವು, ನೋಡಲಾಗದೆ ನಾನೇ ಕರೆತಂದೆ, ದೊಡ್ಡಬಳ್ಳಾಪುರದಲ್ಲಿ ಕೂದಲೆಳೆಯಂಥ ತಂತಿಗೆ ಹೆದರದ ಕೈ ಬೇಕಿದ್ದರೆ ನೇಯುವವರದೇ ಆಗಬೇಕು ಅಂತ ಸರ್ ಮುಂದೆ ದೊಡ್ಡ ಮಾತಾಡಿದ್ದೆ. ಈ ಮೊದಲನೇ ಹಲಗೆ ಮುಗಿಸಿದ ದಿನ ಅಮ್ಮ ಮನೆಗೆ ಬಂದು ಇಡೀ ಓಣಿಗೆ ಪಾಯಸ ಹಂಚಿದಳು. ಆ ಕೈಗಳು ಮತ್ತೆ ಮಡಿಲಿಗೆ ಬೀಳುವುದನ್ನು ನಾನು ನೋಡಲಾರೆ, ನನ್ನ ಹೆದರಿಕೆ ಇಷ್ಟೇ, ಸೇನೆ ಗಡಿ ಎಲ್ಲ ಆಮೇಲೆ.

ಇವತ್ತು ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಅಮ್ಮ ತಾರಸಿಯ ಮೇಲೆ ಹಳೇ ಸೀರೆ ಹಾಸಿಕೊಂಡು ಸಂಡಿಗೆ ಇಡುತ್ತಿದ್ದಳು, ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ, ಹಿಟ್ಟು ಮೆತ್ತಿದ ಬೆರಳು ಎಡದಿಂದ ಬಲಕ್ಕೆ ಒಂದೊಂದೇ ಇಡುತ್ತಾ ಹೋಯಿತು, ಸೀರೆಯ ಅಂಚು ಮುಟ್ಟಿತು, ಒಂದು ಗೇಣು ಕೆಳಗಿಳಿಯಿತು, ಅಲ್ಲಿಂದಲೇ ತಿರುಗಿ ಬಲದಿಂದ ಎಡಕ್ಕೆ ಬಂತು. ಲೋಟ ಕೈಯಲ್ಲೇ ಉಳಿಯಿತು. ಹಂಗ್ಯಾಕಮ್ಮ ಬರ್ತೀಯ, ಅಂದೆ. ಇನ್ನೆಂಗೆ ಬರೋದು, ವಾಪಸ್ ಬರೋವಾಗ ಸುಮ್ನೆ ಯಾಕೆ ಬರ್ಬೇಕು, ಒಂದ್ ಸಾಲು ಹಾಕ್ಕೊಂಡೇ ಬರೋದಪ್ಪ. ಲಾಳಿ ಹಾಗೇ ಅಲ್ಲವೇ, ಬಲಕ್ಕೆ ಎಳೆ ಬಿಟ್ಟುಕೊಂಡು ಹೋಗುತ್ತದೆ, ಎಡಕ್ಕೆ ಎಳೆ ಬಿಟ್ಟುಕೊಂಡು ಬರುತ್ತದೆ, ಮೂವತ್ತು ವರ್ಷ ಅದನ್ನು ನೋಡಿದ ಕಣ್ಣಿಗೆ ಸಾಲು ಅಂದರೆ ಅದೇ. ನಾನು ಅವಳಿಗೆ ಹೇಳಿದ್ದಾದರೂ ಏನು, ಒಂದರ ಪಕ್ಕ ಒಂದು ಸಿಕ್ಕಿಸ್ಕೊಂಡು ಹೋಗಮ್ಮ, ಸಾಲು ಮುಗಿದ್ರೆ ಕೆಳಗಿನ ಸಾಲು, ಅಷ್ಟೇ, ಎಂಜಿನಿಯರ್ ಮಗಳ ಮಹಾ ಪಾಠ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದನೇ ತಂತಿಯ ಕೆಳಗೆ ಹದಿನೇಳು, ಅವಳು ಸಿಕ್ಕಿಸಿದ್ದು ಹದಿನಾರನೇ ತಂತಿಯ ಕೆಳಗೇ ಹದಿನೇಳು, ಅವಳ ಪ್ರಕಾರ ತಪ್ಪೇನಿಲ್ಲ, ಬಲಕ್ಕೆ ನೋಡು ಅಂದರೆ ಎಂಟು ಸಾಲು ಬಲಕ್ಕೆ ನೋಡುತ್ತವೆ, ಎಂಟು ಸಾಲು ಎಡಕ್ಕೆ. ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ, ನಾನೂ ಹಾಗೇ ಕಲಿತವಳಲ್ಲವೇ, ಕೈಮಗ್ಗದ ಪಕ್ಕ ಕೂರಿಸಿಕೊಂಡು ಸೀರೆಯ ಹೂಗಳ ಮೇಲೆ ಬೆರಳಿಟ್ಟು ಅಮ್ಮ ಎಣಿಸಲು ಕಲಿಸುತ್ತಿದ್ದಳು, ಹತ್ತಕ್ಕೆ ಸಾಲು ಮುಗಿದರೆ ಬೆರಳು ಕೆಳಗಿಳಿದು ವಾಪಸು, ಒಂದನೇ ಕ್ಲಾಸಿನ ಸ್ಲೇಟಿನಲ್ಲಿ ನಾನು ಹತ್ತರ ಕೆಳಗೆ ಹನ್ನೊಂದು ಬರೆದು ಬಲದಿಂದ ಎಡಕ್ಕೆ ಇಪ್ಪತ್ತರ ತನಕ ಬಂದಿದ್ದೆ, ಪಾಪಯ್ಯ ಮೇಷ್ಟ್ರು ಬೆರಳಗಂಟಿನ ಮೇಲೆ ಕೊಟ್ಟರು ಒಂದು, ಕ್ಲಾಸೆಲ್ಲ ನಕ್ಕಿತು. ಮಾರನೇ ದಿನ ಅಮ್ಮ ಮಗ್ಗ ನಿಲ್ಲಿಸಿ ಸ್ಕೂಲಿಗೆ ಬಂದಳು, ಬಾಗಿಲಾಚೆಯೇ ನಿಂತಳು, ಸೆರಗು ಹೊದ್ದು ಅಂದಳು, ಮೇಷ್ಟ್ರೇ ಅವಳ್ನ ಹೊಡೀಬ್ಯಾಡಿ, ಹೇಳ್ಕೊಟ್ಟಿದ್ದು ನಾನು, ತಪ್ಪಿದ್ರೆ ನಂದು. ಆ ದಿನ ನನಗೆ ನಾಚಿಕೆಯಾಗಿತ್ತು. ಥೂ, ಎಂಥ ಮಗಳು.

ವ್ಯಾನಿನಲ್ಲಿ ಬರುತ್ತಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರೋಗ್ರಾಮಿನಲ್ಲಿ ಎಂಟು ಸಾಲುಗಳ ನಂಬರನ್ನು ಹಿಂದುಮುಂದು ಮಾಡಿದೆ, ಒಂದು ತಂತಿಯನ್ನೂ ಮುಟ್ಟಲಿಲ್ಲ, ಅವಳು ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇದೆ, ಪಕ್ಕದಲ್ಲಿ ಕೂತು ಅಮ್ಮ ಕೇಳಿದಳು, ನಾನೇನಾದ್ರೂ ಎಡವಟ್ಟು ಮಾಡಿದ್ನೇನವ್ವಾ, ಇಲ್ಲಮ್ಮ ಅಂದೆ, ಅವಳ ಮುಖ ನೋಡದೆ ಅಂದೆ, ಅದಕ್ಕೇ ಅವಳು ನಂಬಿಲ್ಲ. ಭಾನು ಡ್ರೋನನ್ನು ಬಲಕ್ಕೆ ವಾಲಿಸುತ್ತಾನೆ, ಚುಕ್ಕೆ ಅಲುಗುತ್ತದೆ, ಒಡೆಯಬೇಡವೋ, ನಿನ್ನ ದಮ್ಮಯ್ಯ, ಬಲಕ್ಕೆ, ಇನ್ನೂ ಬಲಕ್ಕೆ, ಎಡಗಡೆ ಕತ್ತಲೆ, ಎಡಗಡೆ ಏನೂ ಇಲ್ಲ, ಒಂದೇ, ಒಂದೇ ಚುಕ್ಕೆ, ನಿನ್ನೆಗಿಂತ ಗಟ್ಟಿಯಾಗಿ ಹೊಳೆಯುತ್ತಾ ಪರದೆಯ ಅಂಚಿನ ತನಕ ಹೋಗುತ್ತದೆ, ಹಿರಿಯ ಅಧಿಕಾರಿ ಎಳನೀರು ಕೆಳಗಿಟ್ಟು ಹತ್ತಿರ ಬಂದು ಬಗ್ಗಿ ನೋಡುತ್ತಾರೆ, ಗೋವಿಂದರಾಜು ಸರ್ ದನಿಯಲ್ಲಿ ನಗು ಬಂದಿದೆ, ಅಲ್ಲಮ್ಮಾ ನಿನ್ನೆ ಅಷ್ಟು ಆಟ ಆಡಿಸ್ತಲ್ಲ, ಎಲ್ಲಿತ್ತು ತಪ್ಪು, ಯಾರ್ದು. ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದು, ಕಂಪ್ಯೂಟರಿನ ಮೇಲೆ ಹಾಕಿದರೆ ಅದು ಬಂದು ಜಗಳವಾಡುವುದಿಲ್ಲ, ಅಮ್ಮ ಹಲಗೆಯ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಾಳೆ, ಸೆರಗು ಇನ್ನೂ ಕೈಯಲ್ಲಿದೆ, ನನ್ನ ಬಾಯಿಂದ ಬಂದದ್ದು ಆ ಹಳೇ ಮಾತೇ, ಸಾಲು ಹೆಂಗೆ ಹೋಗ್ಬೇಕು ಅಂತ ಹೇಳ್ಕೊಟ್ಟಿದ್ದು ನಾನು ಸರ್, ಸರಿಯಾಗಿ ಹೇಳಿಕೊಡ್ಲಿಲ್ಲ, ತಪ್ಪು ನಂದು. ಅವರು ನಕ್ಕುಬಿಡುತ್ತಾರೆ, ಮುಂದಿನ ಹಲಗೆಗೆ ನಂಬರ್ ಹಾಕಿಸೋಣ ಬಿಡು, ನಿಮ್ಮಮ್ಮ ಕದಿರಮ್ಮನಿಗೆ ಹೇಳು ಇನ್ನೂ ನಾಲ್ಕು ಹಲಗೆ ಇದೆ ಅಂತ — ಹೇಳಬೇಕು, ಓಡಿಹೋಗಿ ಹೇಳಬೇಕು, ಆದರೆ ಅಮ್ಮ ನನ್ನ ಕಡೆ ನೋಡುತ್ತಿಲ್ಲ, ಅವಳಿಗೆ ಸಾಲಿನ ತಪ್ಪಿನ ಬಗ್ಗೆ ನಾನಂದ ಮಾತು ಕೇಳಿಸಿದೆ, ಸೆರಗು ಬಿಟ್ಟು ಹಲಗೆಯ ಕಡೆ ತಿರುಗಿದ್ದಾಳೆ, ತೋರುಬೆರಳು ಮೊದಲನೇ ಸಾಲಿನ ಮೇಲಿದೆ, ತಂತಿಗಳನ್ನು ಮುಟ್ಟದೆ ಎಡದಿಂದ ಬಲಕ್ಕೆ ಹೋಗುತ್ತಿದೆ, ತುಟಿ ಎಣಿಸುತ್ತಿದೆ, ಹದಿನಾಲ್ಕು, ಹದಿನೈದು, ಹದಿನಾರು, ಬೆರಳು ಕೆಳಗಿಳಿಯುತ್ತದೆ, ಅಂಚಿನಲ್ಲಿ, ಹಿಟ್ಟು ಒಣಗಿ ಉಗುರಿನ ಸಂದಿಯಲ್ಲಿ ಬೆಳ್ಳಗೆ ಉಳಿದಿರುವ ಬೆರಳು, ತಿರುಗಬೇಕು, ತಿರುಗುತ್ತಿಲ್ಲ, ಸಾಲಿನ ಕೊನೆಯಲ್ಲಿ ಅಮ್ಮನ ಬೆರಳು, ಅಲ್ಲೇ, ನಿಂತಿದೆ